ಇನ್ನೊಂದು ಚೂರು ಕೇಳಿದ ಡ್ರೆಸಿಂಗ್ ಅಕ್ಕ

ಚರ್ಮದ ಕ್ಯಾನ್ಸರನ್ನು ಕತ್ತರಿಸಿ ತೆಗೆದ ಕೈಗಳಿಗೆ ಹೆಸರು ಬರುತ್ತದೆ. ಅದನ್ನು ಮೊದಲು ಅನುಮಾನಿಸಿದ ಕಣ್ಣುಗಳು ಹೆಚ್ಚಾಗಿ ಯಾರ ಗಮನಕ್ಕೂ ಬಾರದೆ ಉಳಿಯುತ್ತವೆ. ನಮ್ಮ ಆಸ್ಪತ್ರೆಯ ಗಾಯ ಕಟ್ಟುವ ಕೋಣೆಯಲ್ಲಿ ಮೂವತ್ತಾರು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲೂ ‘ಡ್ರೆಸಿಂಗ್ ಅಕ್ಕ’ ಆಗಿರುವ ಹಿರಿಯ ಶುಶ್ರೂಷಕಿಯವರದು ಅಂಥ ಕಣ್ಣು. ಇದನ್ನು ಶಸ್ತ್ರಚಿಕಿತ್ಸಾ ವಿಭಾಗದ ಇಂದಿನ ಮುಖ್ಯಸ್ಥರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಹದಿನಾಲ್ಕು ವರ್ಷಗಳ ಹಿಂದೆ ಆ ಮುಖ್ಯಸ್ಥರು ಡಾಕ್ಟರಾಗಿ ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇಕರಿಯ ಒಲೆಯ ಮುಂದೆ ದುಡಿಯುತ್ತಿದ್ದ ಐವತ್ತರ ಆಸುಪಾಸಿನ ಒಬ್ಬರು ಬಂದರು. ಇಪ್ಪತ್ತರ ಹರೆಯದಲ್ಲಿ ಸುಟ್ಟುಕೊಂಡಿದ್ದ ಮುಂಗೈಯ ಕಲೆಯ ಮೇಲೆ ಹುಣ್ಣೆದ್ದು, ತಿಂಗಳುಗಟ್ಟಲೆ ಪಟ್ಟಿ ಕಟ್ಟಿಸಿಕೊಂಡರೂ ಮಾಯದೆ ಕೂತಿತ್ತು.

“ಹಳೇ ಸುಟ್ಟ ಗಾಯ ಅಲ್ವಾ ಅಕ್ಕ, ಬಿಸಿಗೆ ಬಿರಿದಿದೆ. ಮುಲಾಮು ಹಚ್ಚಿ ಕಳಿಸಿ,” ಎಂದರು ಹೊಸ ಡಾಕ್ಟರು.

“ಮೂರು ತಿಂಗಳಿಂದ ನಾನೇ ಕಟ್ತಿದ್ದೀನಿ ಡಾಕ್ಟ್ರೇ. ವಾಸಿಯಾಗೋ ಗಾಯದ ಅಂಚು ತಗ್ಗುತ್ತೆ, ಇದರದ್ದು ಏಳ್ತಿದೆ. ಮುಟ್ಟಿದ್ರೆ ಗಟ್ಟಿ, ಒರೆಸಿದ್ರೆ ರಕ್ತ. ಒಂದು ಚೂರು ಪರೀಕ್ಷೆಗೆ ಕಳಿಸೋಣ.”

ಡಾಕ್ಟರು ಒಲ್ಲದ ಮನಸ್ಸಿನಿಂದಲೇ ಹುಣ್ಣಿನ ನಡುವಿನಿಂದ ಒಂದು ಚೂರು ತೆಗೆದು ಕಳಿಸಿದರು. ಕ್ಯಾನ್ಸರ್ ಕಂಡಿಲ್ಲವೆಂದು ವರದಿ ಬಂತು. ಗೆದ್ದವರಂತೆ ಅದನ್ನು ತಂದು ಮೇಜಿನ ಮೇಲಿಟ್ಟರೆ ಅಕ್ಕ ಎರಡು ಸಲ ಓದಿದರು.

“ನಾವು ಕಳಿಸಿದ್ದು ನಡುವಿನ ಕೊಳೆತ ಭಾಗ. ಅಂಚಿಂದ, ಸ್ವಲ್ಪ ಆಳವಾಗಿ ಇನ್ನೊಂದು ಚೂರು ತೆಗೀರಿ. ಅದರಲ್ಲೂ ಏನೂ ಸಿಗದಿದ್ರೆ ಮತ್ತೆ ಬಾಯಿ ತೆಗೆಯಲ್ಲ.”

ರೋಗಿಯ ಎದುರೇ ಈ ಮಾತು! ಡಾಕ್ಟರ ಮುಖ ಕೆಂಪಾಯಿತು. ಆಗುವುದಿಲ್ಲವೆಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಆದರೂ ಅಕ್ಕನ ಮುಖ ನೋಡಿ ಅದನ್ನು ನುಂಗಿಕೊಂಡು ಅಂಚಿನಿಂದ ಇನ್ನೊಂದು ಚೂರು ತೆಗೆದು ಕಳಿಸಿದರು. ಎರಡನೆಯ ಚೂರಿನಲ್ಲಿ ಸಿಕ್ಕಿದ್ದು ಚರ್ಮದ ಮೇಲ್ಪದರದಲ್ಲಿ ಹುಟ್ಟುವ ಸ್ಕ್ವಾಮಸ್ ಸೆಲ್ ಕ್ಯಾನ್ಸರ್. ಆ ಕಾಗದ ಹಿಡಿದು ಬಾಗಿಲಲ್ಲಿ ನಿಂತ ತರುಣ ಡಾಕ್ಟರಿಗೆ ಅಕ್ಕ ‘ನಾನು ಹೇಳಿರಲಿಲ್ಲವೇ’ ಎನ್ನಲಿಲ್ಲ; ಸ್ಟೂಲು ಮುಂದಕ್ಕೆ ಸರಿಸಿ, “ಕೂತ್ಕೊಳ್ಳಿ. ಅವರಿಗೆ ಹೇಗೆ ಹೇಳೋದು ಅಂತ ಯೋಚಿಸೋಣ,” ಎಂದರು.

“ಕೈ ತೆಗೀತೀರಾ?” ಎಂದಷ್ಟೇ ಕೇಳಿದರು ಬೇಕರಿಯವರು.

“ರೋಗ ಹರಡಿಲ್ಲ, ಕಂಕುಳಲ್ಲಿ ಗಂಟು ಸಿಕ್ಕಿಲ್ಲ, ಎಲುಬಿಗೂ ಹೋಗಿಲ್ಲ. ಸುತ್ತಲಿನ ಒಳ್ಳೇ ಚರ್ಮ ಒಂದಿಷ್ಟು ಸೇರಿಸಿ ಹುಣ್ಣನ್ನ ತೆಗೆದು, ತೊಡೆಯ ಚರ್ಮ ಹೊದಿಸ್ತಾರೆ. ಕೈ ಉಳಿಯುತ್ತೆ,” ಎಂದರು ಅಕ್ಕ.

ಪಕ್ಕದಲ್ಲಿದ್ದ ಬೇಕರಿಯವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಉಳಿದ್ರೆ ಸಾಕಮ್ಮ. ನೋಡೋಕೆ ಮೊದಲೇನು ಚೆಂದ ಇತ್ತಾ?” ಎಂದಾಗ ಡಾಕ್ಟರೂ ಸೇರಿ ನಾಲ್ವರೂ ನಕ್ಕರು.

ಶಸ್ತ್ರಚಿಕಿತ್ಸೆ ಮುಗಿಯಿತು; ಕತ್ತರಿಸಿದ ಅಂಚುಗಳಲ್ಲಿ ರೋಗ ಉಳಿದಿಲ್ಲವೆಂದು ವರದಿ ಬಂತು. ಐದನೆಯ ದಿನ ಅಕ್ಕ ಪಟ್ಟಿಯನ್ನು ಹನಿಹನಿಯಾಗಿ ನೆನೆಸುತ್ತ ಅರ್ಧ ಗಂಟೆ ಬಿಚ್ಚಿದರು. ಬೆನ್ನ ಹಿಂದಿನಿಂದ ಡಾಕ್ಟರು ಬಗ್ಗಿ ನೋಡುತ್ತಿದ್ದರು. ಹೊದಿಸಿದ ಚರ್ಮ ನಸುಗೆಂಪಾಗಿ ಅಂಟಿಕೊಂಡಿತ್ತು. ಮುಂದಿನ ಐದು ವರ್ಷ ತಪಾಸಣೆಗೆ ಬಂದಾಗಲೆಲ್ಲ ಬೇಕರಿಯವರ ಕಂಕುಳನ್ನು ಅಕ್ಕನೂ ಮುಟ್ಟಿ ನೋಡಿದರು. ರೋಗ ಮರಳಲಿಲ್ಲ, ಅವರು ಈಗಲೂ ಅದೇ ಕೈಯಿಂದ ಹಿಟ್ಟು ನಾದುತ್ತಿದ್ದಾರೆ.

ತಾವು ಶಸ್ತ್ರ ಹಿಡಿಯಲು ಕಲಿತದ್ದು ಕಾಲೇಜಿನಲ್ಲಿ, ಸಂದೇಹಪಡಲು ಕಲಿತದ್ದು ಈ ಕೋಣೆಯಲ್ಲಿ ಎಂದು ಮುಖ್ಯಸ್ಥರು ಹೊಸಬರಿಗೆಲ್ಲ ಸಂಕೋಚವಿಲ್ಲದೆ ಹೇಳುತ್ತಾರೆ.

ಮೊನ್ನೆಯ ಬೀಳ್ಕೊಡುಗೆಯಲ್ಲಿ ಅಕ್ಕನನ್ನು ಮಾತಾಡಿ ಎಂದು ಒತ್ತಾಯಿಸಿದಾಗ ಅವರು ಎದ್ದು ನಿಂತು, “ಗಾಯ ಮಾಯ್ತಿಲ್ಲ ಅಂತ ಯಾರಾದ್ರೂ ಬಂದ್ರೆ ದಯವಿಟ್ಟು ಪಟ್ಟಿ ಬಿಚ್ಚಿ ನೋಡಿ,” ಎಂದಷ್ಟೇ ಹೇಳಿ ಕುಳಿತುಬಿಟ್ಟರು. ವಾರಕ್ಕೆರಡು ದಿನ ಬಂದು ಹೊಸ ಶುಶ್ರೂಷಕಿಯರಿಗೆ ಕಲಿಸಲು ಅವರು ಒಪ್ಪಿರುವುದು ನಮ್ಮ ಭಾಗ್ಯ. ಅವರ ಕಣ್ಣು ಮಸುಕಾಗದಿರಲಿ, ಬೆರಳು ನಡುಗದಿರಲಿ, ಆಯುಸ್ಸು ದೀರ್ಘವಾಗಲಿ. ನಮ್ಮ ತಪ್ಪನ್ನು ನಮ್ಮೆದುರೇ ಹೇಳುವ ಆ ಮೆಲುದನಿ ಇನ್ನೂ ಬಹುಕಾಲ ನಮ್ಮ ಕಿವಿಗೆ ಬೀಳುತ್ತಿರಲಿ.