ಈಶ್ವರಿ ಬಳ್ಳಿಯ ಪುಟ

ಬೆಳಿಗ್ಗೆ ಬಾಲ್ಕನಿಯ ಕುಂಡಗಳಿಗೆ ನೀರು ಹಾಕುವಾಗ ಈಶ್ವರಿ ಬಳ್ಳಿಯ ಎಲೆಯೊಂದು ಮಗ್ಗಿನ ಅಂಚಿಗೆ ಸಿಕ್ಕಿ ನಲುಗಿತು. ಅದರ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ವಿವರಿಸುವುದು ಕಷ್ಟ. ಕರ್ಪೂರವನ್ನು ಕಹಿ ಮದ್ದಿನ ಬಾಟಲಿಯಲ್ಲಿ ಹಾಕಿಟ್ಟ ಹಾಗೆ ಎನ್ನಬಹುದೇನೋ. ಆ ವಾಸನೆ ಬಂದ ಕೂಡಲೇ ನಾನು ಮೊಬೈಲು ಎಲ್ಲಿದೆ, ಅದರ ಸದ್ದು ನಿಲ್ಲಿಸಿಲ್ಲ ತಾನೆ ಎಂದು ನೋಡುತ್ತೇನೆ. ಗಿಡಕ್ಕೂ ಮೊಬೈಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಎರಡು ವರ್ಷದ ಹಿಂದೆ ನಾನೂ ಏನೂ ಇಲ್ಲ ಎನ್ನುತ್ತಿದ್ದೆ. ಆಗ ಗೊತ್ತಿಲ್ಲದ ನಂಬರಿನ ಕರೆಗಳನ್ನು ನಾನು ಎತ್ತುತ್ತಲೇ ಇರಲಿಲ್ಲ.

ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ ಪುತ್ತೂರಿಗೆ ಮರಳಿ, ಅಂಗಡಿ, ನರ್ಸರಿ, ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಹಿಡಿದವಳು ನಾನು. ಯಾರ ಮುಖವನ್ನೂ ಹೆಚ್ಚು ನೋಡದೆ ಮಾಡಬಹುದಾದ ಕೆಲಸ, ಅದಕ್ಕೇ ಹಿಡಿಸಿತ್ತು. ಲೀಲಕ್ಕ ಮಾತ್ರ ಮುಖ ನೋಡದೆ ಬಿಡುವವರಲ್ಲ. ಸುಳ್ಯದ ಆಚೆ, ಮಂಡೆಕೋಲಿನ ಹತ್ತಿರ ಅವರದೊಂದು ಔಷಧದ ಗಿಡಗಳ ನರ್ಸರಿ ಇದೆ. ಐವತ್ತು ದಾಟಿದ, ಗಟ್ಟಿ ಧ್ವನಿಯ ಹೆಂಗಸು. ಅವರ ಮನೆಯಲ್ಲಿ ಅರೆಭಾಷೆ, ನಮ್ಮಲ್ಲಿ ತುಳು, ನಮ್ಮಿಬ್ಬರ ನಡುವೆ ಕನ್ನಡ. ಅವರ ವೆಬ್‌ಸೈಟ್ ಶುರುವಾದ ಮೊದಲ ವಾರ ನಾನು ಫೋನ್ ಮಾಡಿ, ನಿನ್ನೆ ನಲವತ್ತು ಜನ ಬಂದಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದೆ.

"ನಲವತ್ತು ಜನವಾ? ನಾಯಿ ಬೊಗಳಲೇ ಇಲ್ಲ ಮಾರಾಯ್ತಿ," ಎಂದರು. "ಬಾಯಾರಿಕೆಗೆ ಎಂತ ಕೊಟ್ಟೆ ನೀನು ಅವರಿಗೆ?"

ನಲವತ್ತು ಜನರಲ್ಲಿ ಒಬ್ಬರೂ ಒಂದು ಗಿಡ ಕೇಳಿರಲಿಲ್ಲ. ಹಾಗಾಗಿ ಅದು ಬರೀ ತಮಾಷೆಯ ಪ್ರಶ್ನೆಯೂ ಅಲ್ಲ.

ಜನ ಹೆಚ್ಚು ಬರಬೇಕಾದರೆ ಹುಡುಕುತಾಣಗಳ, ಅಂದರೆ ಸರ್ಚ್ ಎಂಜಿನ್‌ಗಳ, ಕಣ್ಣಿಗೆ ಬೀಳಬೇಕು. ನಾನು ಮೂರನ್ನು ಆರಿಸಿಕೊಂಡು, ಒಂದು ಗ್ರಾಫ್ ಪುಸ್ತಕದಲ್ಲಿ ಮೂರು ಅಂಕಣ ಎಳೆದು, ಪ್ರತಿ ಸೋಮವಾರ ಒಂದೇ ಮಾತನ್ನು ಮೂರರಲ್ಲೂ ಟೈಪಿಸಿ ನಾವು ಎಷ್ಟನೆಯವರು ಎಂದು ಬರೆದಿಡತೊಡಗಿದೆ. ಮೊದಲನೆಯದು ಎಲ್ಲರೂ ಬಳಸುವಂಥದ್ದು. ಅಲ್ಲಿಂದ ಬರುವ ಜನವೂ ಹೆಚ್ಚು, ಅಲ್ಲಿ ಪೈಪೋಟಿಯೂ ಹೆಚ್ಚು. ಹಳೆಯ, ನಾಲ್ಕು ಕಡೆ ಹೆಸರಿರುವ ತಾಣಗಳನ್ನು ಅದು ಮುಂದೆ ಕೂರಿಸುತ್ತದೆ. ನಮ್ಮಂಥ ಹೊಸಬರು ಎರಡನೆಯ ಪುಟದ ಕೊನೆಯಲ್ಲಿ ನಿಂತಿರಬೇಕು. ಎರಡನೆಯದು ಕೆಲವು ಕಂಪ್ಯೂಟರು, ಮೊಬೈಲುಗಳಲ್ಲಿ ಕೊಳ್ಳುವಾಗಲೇ ಕೂತಿರುವಂಥದ್ದು. ಬರುವವರು ಕಡಿಮೆ. ಆದರೆ ಹೊಸ ಪುಟ ಹಾಕಿದ್ದೇವೆಂದು ತಿಳಿಸಿದರೆ ಅದೇ ದಿನ ಬಂದು ನೋಡುತ್ತದೆ, ಮತ್ತು ಜನ ಟೈಪಿಸಿದ ಮಾತು ನಮ್ಮ ತಲೆಬರಹದಲ್ಲಿ ಹಾಗೆಯೇ ಇದ್ದರೆ ಸಲೀಸಾಗಿ ಮೇಲೆ ಹತ್ತಿಸುತ್ತದೆ. ಮೂರನೆಯದು, ಬಂದವರ ಗುರುತು ಇಟ್ಟುಕೊಳ್ಳುವುದಿಲ್ಲ ಎನ್ನುವಂಥದ್ದು. ನಾನು ಸ್ವಂತಕ್ಕೆ ಬಳಸುವುದು ಅದನ್ನೇ. ನಾನು ಏನು ಹುಡುಕುತ್ತೇನೆ ಎಂಬುದು ಇನ್ನೊಬ್ಬರಿಗೆ ಯಾಕೆ ಗೊತ್ತಾಗಬೇಕು? ಅದು ತೋರಿಸುವುದರಲ್ಲಿ ಹೆಚ್ಚಿನದು ಎರಡನೆಯದರಿಂದ ತಂದದ್ದೇ ಎಂದು ನನ್ನ ಅಂಕಣಗಳಿಂದಲೇ ನನಗೆ ಅನುಮಾನ ಬಂದಿತ್ತು. ಇಬ್ಬರು ಪಕ್ಕಪಕ್ಕ ಕೂತು ಪರೀಕ್ಷೆ ಬರೆದ ಹಾಗೆ ಇರುತ್ತಿದ್ದವು ಅವುಗಳ ಉತ್ತರ.

ತಾಣದ ಮಾಲೀಕರಿಗೆ ಇವು ಇನ್ನೊಂದು ಅನುಕೂಲ ಮಾಡಿಕೊಡುತ್ತವೆ. ಜನ ಯಾವ ಮಾತು ಟೈಪಿಸಿ ನಮ್ಮ ಹತ್ತಿರ ಬಂದರು ಎಂದು ನೋಡಬಹುದು. ನೋಡಿದೆ. ತುಳಸಿ, ಅಮೃತಬಳ್ಳಿಗಳನ್ನು ಹುಡುಕಿ ಬಂದವರು ಬೆರಳೆಣಿಕೆ. ಈಶ್ವರಿ ಬಳ್ಳಿಯ ಪುಟಕ್ಕೆ ಬಂದವರು ಟೈಪಿಸಿದ್ದು ಮಾತ್ರ ಮತ್ತೆ ಮತ್ತೆ ಒಂದೇ: ಹಾವು ಕಚ್ಚಿದರೆ ಮನೆಮದ್ದು.

ಆ ಬಳ್ಳಿಯ ಬಗ್ಗೆ ಲೀಲಕ್ಕ ಹೇಳಿ ಬರೆಸಿದ್ದು ಚಿಟ್ಟೆಗಳ ವಿಷಯ. ಕೆಲವು ಚಿಟ್ಟೆಗಳ ಹುಳ ಅದರ ಎಲೆಯನ್ನೇ ತಿಂದು ಬೆಳೆಯುತ್ತದೆ; ಮನೆಮುಂದೆ ನೆಟ್ಟರೆ ಚಿಟ್ಟೆ ಬರುತ್ತದೆ. ಹಿಂದಿನವರು ಇದರ ಬೇರನ್ನು ಹಾವಿನ ವಿಷಕ್ಕೆ ಅರೆದು ಕೊಡುತ್ತಿದ್ದರು ಎಂಬುದು ಎರಡನೆಯ ಪ್ಯಾರಾದಲ್ಲಿತ್ತು. ಅದರಿಂದ ವಿಷ ಇಳಿಯುವುದಿಲ್ಲ, ಮೂತ್ರಪಿಂಡಕ್ಕೂ ಕೇಡು, ಯಾರೂ ಹಾಗೆ ಮಾಡಬಾರದು ಎಂಬುದು ಮೂರನೆಯದರಲ್ಲಿ. ನಾನು ಒಂದು ಮಧ್ಯಾಹ್ನ ಕೂತು ಚಿಟ್ಟೆಯ ಪ್ಯಾರಾವನ್ನು ಕೆಳಗಿಳಿಸಿದೆ. ಎರಡನೆಯದನ್ನು ಮೇಲೆ ತಂದೆ. ತಲೆಬರಹಕ್ಕೆ ಜನ ಟೈಪಿಸುವ ಮಾತನ್ನೇ ಇಟ್ಟೆ. ಲೀಲಕ್ಕನಿಗೆ ಹೇಳಲಿಲ್ಲ. ಇದರಲ್ಲಿ ಸುಳ್ಳು ಒಂದೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇರಲೂ ಇಲ್ಲ.

ಮುಂದಿನ ಸೋಮವಾರ ಮೊದಲನೆಯ ಹುಡುಕುತಾಣದಲ್ಲಿ ನಾವು ಹದಿನಾಲ್ಕನೆಯವರು. ಎರಡನೆಯದರಲ್ಲಿ ಒಂದನೆಯವರು. ಮೂರನೆಯದರಲ್ಲೂ ಒಂದನೆಯವರು. ಅದು ನನ್ನ ಜಾಣತನ ಎಂದು ತಿಳಿದು ಆ ಎರಡು ಚೌಕಗಳಿಗೆ ಕೆಂಪು ಬಣ್ಣ ಹಚ್ಚಿದೆ. ನಿಜವೆಂದರೆ ಆ ಮಾತಿನ ಮೇಲೆ ಕನ್ನಡದಲ್ಲಿ ಸರಿಯಾಗಿ ಬರೆದವರೇ ಬಹಳ ಕಡಿಮೆ. ಖಾಲಿ ತರಗತಿಯಲ್ಲಿ ನಾನು ಮೊದಲನೆಯವಳಾಗಿದ್ದೆ.

ಮಳೆಗಾಲ ಮುಗಿದು ರಬ್ಬರ್ ತೋಟಗಳಲ್ಲಿ ಕೆಲಸ ಮತ್ತೆ ಶುರುವಾದ ದಿನಗಳು. ನಾನು ಗಿಡಗಳ ಫೋಟೋ ತೆಗೆಯಲು ಮಂಡೆಕೋಲಿಗೆ ಹೋಗಿದ್ದೆ. ಹನ್ನೊಂದೂವರೆ ಆಗಿರಬಹುದು. ಲೀಲಕ್ಕನ ಫೋನ್ ಹೊಡೆದುಕೊಂಡಿತು. ಅವರ ಕೈಯಲ್ಲಿ ಮಣ್ಣು ಇದ್ದದ್ದರಿಂದ ಸ್ಪೀಕರಿಗೆ ಹಾಕಲು ಹೇಳಿದರು.

"ನರ್ಸರಿಯವರಾ? ಈಶ್ವರಿ ಬೇರು ಉಂಟಾ ನಿಮ್ಮಲ್ಲಿ?" ಹೆಂಗಸಿನ ಧ್ವನಿ. ಹಿಂದೆ ಗಾಡಿಯ ಸದ್ದು.

"ಬೇರು ಮಾರುದಿಲ್ಲಮ್ಮ, ಗಿಡ ಉಂಟು. ಎಂತಕ್ಕೆ?"

"ನಮ್ಮವರಿಗೆ ಕನ್ನಡಿ ಹಾವು ಕಚ್ಚಿದೆ. ನಾವು ಕೋಡಿಂಬಾಳದವರು. ಈಗ ಬೆಳ್ಳಾರೆ ಕಳೀತು. ಅರೆದು ಇಡ್ತೀರಾ? ನಾವು ಬಂದ ಕೂಡ್ಲೆ ಕೊಡ್ಲಿಕ್ಕೆ ಆಗ್ತದೆ."

ಲೀಲಕ್ಕನ ಕೈಯಿಂದ ಕುಂಡ ಬಿತ್ತು. "ಇಲ್ಲಿಗೆ ಯಾಕಮ್ಮ ಬರುದು? ಸುಳ್ಯದಲ್ಲಿ ಸರಕಾರಿ ಆಸ್ಪತ್ರೆಗೆ ಹೋಗಿ. ಕೇಳ್ತಾ ಉಂಟಾ?"

"ನಿಮ್ಮದ್ರಲ್ಲೇ ಬರ್ದಿದೆ ಅಲ್ವಾ ಅಕ್ಕ, ಬೇರು ಅರೆದು ಕೊಡುದು ಅಂತ. ಮೊಬೈಲಲ್ಲಿ ಎಲ್ಲದಕ್ಕಿಂತ ಮೇಲೆ ನಿಮ್ಮದೇ ಬಂತು."

ಅಷ್ಟರಲ್ಲಿ ಕರೆ ಕಡಿದುಹೋಯಿತು. ನಾವು ಮತ್ತೆ ಮಾಡಿದೆವು, ಮತ್ತೆ ಮಾಡಿದೆವು. ರೇಂಜ್ ಇರಲಿಲ್ಲ. ಕೋಡಿಂಬಾಳದಿಂದ ಕಡಬದ ಆಸ್ಪತ್ರೆ ಎಷ್ಟು ಹತ್ತಿರ ಎಂದು ನನಗೆ ಗೊತ್ತಿತ್ತು. ಅದನ್ನು ಬಿಟ್ಟು, ಬೆಳ್ಳಾರೆ ದಾಟಿ, ಸುಳ್ಯವನ್ನೂ ದಾಟಿ ಅವರು ನನ್ನ ತಲೆಬರಹದ ಕಡೆಗೆ ಬರುತ್ತಿದ್ದರು. ಲೀಲಕ್ಕ ನನ್ನ ಮುಖ ನೋಡಿದರು. "ಸ್ಕೂಟರ್ ತೆಗಿ," ಎಂದರು.

ಆ ದಾರಿಯ ಒಂದೊಂದು ತಿರುವೂ ನನಗೆ ಈಗಲೂ ನೆನಪಿದೆ. ಎದುರಿನಿಂದ ಬಂದ ಪ್ರತಿ ಗಾಡಿಯ ಒಳಗೆ ಇಣುಕಿ ನೋಡುತ್ತ ಹೋದೆವು. ಒಂದು ಹಾಲಿನ ಗಾಡಿ, ಒಂದು ಶಾಲೆಯ ವ್ಯಾನು. ಅವರು ಬೇರೆ ದಾರಿ ಹಿಡಿದಿದ್ದರೆ? ದಾರಿ ತಪ್ಪಿ ಎಲ್ಲೋ ನಿಂತು ನಮ್ಮ ಪುಟವನ್ನೇ ಮತ್ತೆ ತೆಗೆದು ನೋಡುತ್ತಿದ್ದರೆ? ಲೀಲಕ್ಕ ಹಿಂದೆ ಕೂತು ನಂಬರ್ ಒತ್ತುತ್ತಲೇ ಇದ್ದರು. ಅಜ್ಜಾವರ ಕಳೆದ ಮೇಲೆ ಹೆಡ್‌ಲೈಟ್ ಹಾಕಿಕೊಂಡ ಜೀಪೊಂದು ಬಂತು. ನಾನು ಬ್ರೇಕ್ ಹಾಕುವುದರೊಳಗೆ ಲೀಲಕ್ಕ ಇಳಿದು ರಸ್ತೆಯ ನಡುವೆ ನಿಂತಿದ್ದರು.

ಹಿಂದಿನ ಸೀಟಿನಲ್ಲಿ ಒಬ್ಬ ಗಂಡಸು ಮಲಗಿದ್ದ. ಮೊಣಕಾಲಿನ ಕೆಳಗೆ ಲುಂಗಿಯ ಚೂರಿನಿಂದ ಬಿಗಿದು ಕಟ್ಟಿದ್ದರು. ಪಾದ ಊದಿ ಹೊಳೆಯುತ್ತಿತ್ತು. ಫೋನ್ ಮಾಡಿದ ಹೆಂಗಸು, ವಾರಿಜ, ಅವನ ತಲೆ ಹಿಡಿದು ಕೂತಿದ್ದರು. ಓಡಿಸುತ್ತಿದ್ದವನು ಅವರ ಮೈದುನ.

"ನರ್ಸರಿ ನನ್ನದು," ಎಂದರು ಲೀಲಕ್ಕ. "ನನ್ನ ಹತ್ರ ಗಿಡ ಉಂಟು. ಮದ್ದು ಇಲ್ಲ. ಗಾಡಿ ತಿರುಗಿಸಿ."

"ಎಂತ ಹೇಳುದು ನೀವು?" ಮೈದುನ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಒಂದು ಗಂಟೆಯಿಂದ ಬರ್ತಾ ಇದ್ದೇವೆ. ಮದ್ದು ಇಲ್ಲದಿದ್ರೆ ಹಾಗೆ ಬರ್ದದ್ದು ಯಾರು?"

ನಾನು ಸ್ಕೂಟರಿನ ಹ್ಯಾಂಡಲ್ ಹಿಡಿದು ಮೂರು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲು ಸಮಯವಿತ್ತು. ಇಷ್ಟು ಹೇಳಿದರೆ ಸಾಕು: ನಾನು. ಹೇಳಲಿಲ್ಲ.

"ನಾನೇ ಬರ್ದದ್ದು," ಎಂದರು ಲೀಲಕ್ಕ. "ತಪ್ಪಾಗಿದೆ. ಆಮೇಲೆ ಬೈಯಿರಿ, ಈಗ ತಿರುಗಿಸಿ. ನಾನೂ ಬರ್ತೇನೆ." ಹತ್ತಿ ಮುಂದಿನ ಸೀಟಿನಲ್ಲಿ ಕೂತರು. ಜೀಪು ತಿರುಗಿತು. ನಾನು ಹಿಂದಿನಿಂದ ಹೋದೆ.

ಸುಳ್ಯದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಶುರು ಮಾಡಿದರು. ಕಟ್ಟು ಬಿಚ್ಚಿಸಿದ ಡಾಕ್ಟರು, "ಕಡಬದಲ್ಲೇ ಯಾಕೆ ತೋರಿಸ್ಲಿಲ್ಲ?" ಎಂದು ಕೇಳಿದರು. ಸಂಜೆಯೊಳಗೆ ಮಂಗಳೂರಿಗೆ ಕಳಿಸಬೇಕೆಂದಾಯಿತು, ಮೂತ್ರ ನಿಂತಿತ್ತು. ವರಾಂಡದ ಬೆಂಚಿನಲ್ಲಿ ವಾರಿಜರ ಪಕ್ಕ ಕೂತು ನಾನು ಕೇಳಿದ ಪ್ರಶ್ನೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ನೀವು ಯಾವುದರಲ್ಲಿ ಹುಡುಕಿದ್ದು?"

"ಯಾವುದ್ರಲ್ಲಿ ಅಂದ್ರೆ ಎಂತ? ಮೊಬೈಲಲ್ಲಿ," ಎಂದು ಅವರು ಮೊಬೈಲನ್ನೇ ನನ್ನ ಕೈಗೆ ಕೊಟ್ಟರು. ಅದರಲ್ಲಿದ್ದದ್ದು ನನ್ನ ಎರಡನೆಯ ಹುಡುಕುತಾಣ. ನಮ್ಮ ತಲೆಬರಹದ ಕೆಳಗೆ ಎರಡು ಸಾಲು ಕಾಣುತ್ತಿತ್ತು. ಅರೆದು ಕೊಡುವ ವಿಷಯಕ್ಕೇ ಆ ಎರಡು ಸಾಲು ಮುಗಿದಿತ್ತು. ಮಾಡಬಾರದು ಎಂಬ ಮಾತು ಬರಬೇಕಾದರೆ ಒತ್ತಿ ಒಳಗೆ ಹೋಗಬೇಕು, ಕೆಳಗೆ ಜಾರಬೇಕು. ಗಂಡನ ಕಾಲು ಕಣ್ಣೆದುರೇ ಊದುತ್ತಿರುವಾಗ ಯಾರು ಜಾರುತ್ತಾರೆ?

ಮನೆಗೆ ಬಂದವಳೇ ಆ ಪುಟ ಅಳಿಸಿದೆ. ಅಳಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಅದೇ ಗ್ರಾಫ್ ಪುಸ್ತಕ, ಅದೇ ಮೂರು ಅಂಕಣ. ಈಗ ಸೋಮವಾರಕ್ಕೆ ಕಾಯದೆ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ, ನಾವು ಎಲ್ಲಿ ಇನ್ನೂ ಉಳಿದಿದ್ದೇವೆ ಎಂದು. ಮೊದಲನೆಯದರಿಂದ ಎರಡು ದಿನದಲ್ಲಿ ಹೋಯಿತು. ಎರಡನೆಯದರಲ್ಲೂ ಮೂರನೆಯದರಲ್ಲೂ ತಲೆಬರಹ ಹಾಗೇ ಮೇಲೆ ನಿಂತಿತ್ತು. ಒತ್ತಿದರೆ, ಈ ಪುಟ ಸಿಗಲಿಲ್ಲ ಎಂದಷ್ಟೇ ಬರುತ್ತಿತ್ತು. ಎರಡು ವಾರದ ಮೇಲೆ ಅಲ್ಲಿಂದಲೂ ಹೋಯಿತು. ಆ ಜಾಗಕ್ಕೆ ಇನ್ನೊಂದು ತಾಣ ಬಂದು ಕೂತಿತು. ತೆರೆದು ನೋಡಿದರೆ ನನ್ನದೇ ವಾಕ್ಯಗಳು, ಮಂಡೆಕೋಲಿನ ಹೆಸರೂ ಸೇರಿ. ಯಾರೋ ಎತ್ತಿಕೊಂಡಿದ್ದರು, ಮಾಡಬಾರದು ಎನ್ನುವ ಮೂರನೆಯ ಪ್ಯಾರಾ ಬಿಟ್ಟು.

ವಾರಿಜರ ಗಂಡ ಮಂಗಳೂರಿನಲ್ಲಿ ಹದಿನೆಂಟು ದಿನ ಇದ್ದು, ಡಯಾಲಿಸಿಸ್ ಮಾಡಿಸಿಕೊಂಡು, ಉಳಿದು ಬಂದರು. ಅದನ್ನು ತಿಳಿಸಲು ಲೀಲಕ್ಕ ಪುತ್ತೂರಿಗೇ ಬಂದರು. ಅವರ ಕೈಯಲ್ಲಿ ಈಗ ನನ್ನ ಬಾಲ್ಕನಿಯಲ್ಲಿರುವ ಈ ಈಶ್ವರಿ ಬಳ್ಳಿಯ ಕುಂಡ. ನಾನು ಗ್ರಾಫ್ ಪುಸ್ತಕ ತೋರಿಸಿ ಅಳಿಸಿದ್ದನ್ನೂ, ಆ ಕಳ್ಳ ತಾಣವನ್ನೂ ಹೇಳಿದೆ. ತಲೆಬರಹ ಬದಲಿಸಿದ್ದು ನಾನೇ ಎಂದೂ ಹೇಳಿದೆ. ಅದು ಅವರಿಗೆ ಮೊದಲೇ ಗೊತ್ತಿತ್ತು.

"ನೀನು ಎದ್ದು ಹೋದ ಕುರ್ಚಿಯಲ್ಲಿ ಅವ ಕೂತ, ಅಷ್ಟೇ ಅಲ್ವಾ?" ಎಂದರು. "ಹೆದರಿದವರು ಹುಡುಕುದನ್ನು ನಿಲ್ಲಿಸ್ತಾರಾ? ಪುನಃ ಹೋಗಿ ಕೂತ್ಕೋ. ಸರಿ ಇದ್ದದ್ದನ್ನು ಹೇಳು."

"ಫೋನ್ ಬಂದರೆ?"

"ಬರ್ತದೆ. ನನ್ನ ನಂಬರ್ ಹಾಕ್ಬೇಡ, ತೋಟದಲ್ಲಿ ರೇಂಜ್ ಸರಿ ಸಿಗುದಿಲ್ಲ. ನಿನ್ನದು ಹಾಕು."

ಪುಟವನ್ನು ಬರೆಯಲು ನನಗೆ ಒಂದು ಗಂಟೆ ಸಾಕಾಯಿತು. ತಲೆಬರಹ ಅದೇ ಮಾತಿನಿಂದ ಶುರುವಾಗುತ್ತದೆ, ಯಾಕೆಂದರೆ ಜನ ಟೈಪಿಸುವುದು ಅದನ್ನೇ. ಆದರೆ ಮುಂದಿನ ಮಾತೂ ತಲೆಬರಹದಲ್ಲೇ ಇದೆ: ಮನೆಮದ್ದು ಇಲ್ಲ, ಆಸ್ಪತ್ರೆಗೆ ಹೊರಡಿ. ಕೆಳಗಿನ ಎರಡು ಸಾಲಿನೊಳಗೆ, ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ, 108ಕ್ಕೆ ಕರೆ ಮಾಡಿ ಎಂಬುದು ಮುಗಿಯುತ್ತದೆ. ಅಕ್ಷರ ಎಣಿಸಿ ಕೂರಿಸಿದ್ದೇನೆ. ಒಳಗೆ ಕಡಬ, ಸುಳ್ಯ, ಪುತ್ತೂರು, ಯಾವ ಊರಿನಿಂದ ಯಾವುದು ಹತ್ತಿರ ಎಂಬ ಪಟ್ಟಿ. ಗಿಡ ಮಾರುವ ಮಾತು ಎಲ್ಲೂ ಇಲ್ಲ. ಕೊನೆಯಲ್ಲಿ, ದಾರಿ ತಿಳಿಯದಿದ್ದರೆ ಕೇಳಿ ಎಂದು ಒಂದು ನಂಬರು, ಬರೆದವಳ ಹೆಸರು. ಆ ಒಂದು ಸಾಲು ಸೇರಿಸಲು ನಾಲ್ಕು ದಿನ ಹಿಡಿಯಿತು. ಯಾರ ಗುರುತೂ ಇಟ್ಟುಕೊಳ್ಳದ ಹುಡುಕುತಾಣ ಬಳಸುವ ನಾನು, ಊರಿಗೆಲ್ಲ ನನ್ನ ಗುರುತು ಕೊಡಬೇಕಿತ್ತು.

ಆಮೇಲೆ ಮತ್ತೆ ಸೋಮವಾರಗಳು. ಮತ್ತೆ ಜನ ಬೇಕು, ಮೂರರಲ್ಲೂ ಮೊದಲನೆಯವಳಾಗಬೇಕು. ಈ ಸಲ ಹಟ ಹಿಡಿದು. ಎರಡು ಶಾಲೆಗಳ, ಒಂದು ಯುವಕ ಮಂಡಲದ ತಾಣದವರನ್ನು ಕೇಳಿ ಅವರಲ್ಲಿ ನಮ್ಮ ಪುಟದ ಕೊಂಡಿ ಹಾಕಿಸಿದೆ. ಮುಖ ನೋಡಿ ಮಾತಾಡಿಯೇ ಕೇಳಿದೆ. ಕಳೆದ ಸೋಮವಾರ ಮೊದಲನೆಯದರಲ್ಲಿ ನಾವು ಮೂರನೆಯವರು. ಎರಡನೆಯದರಲ್ಲಿ, ಮೂರನೆಯದರಲ್ಲಿ, ಆ ಕಳ್ಳ ತಾಣದ ಒಂದು ಮೆಟ್ಟಿಲು ಕೆಳಗೆ. ಆ ಚೌಕಗಳಿಗೆ ಇನ್ನೂ ಬಣ್ಣ ಹಚ್ಚಿಲ್ಲ.

ಇಷ್ಟು ಯೋಚಿಸುತ್ತ ಬೆರಳಿನ ವಾಸನೆ ತೊಳೆಯಲು ಒಳಗೆ ಹೋದೆ. ನಲ್ಲಿ ತಿರುಗಿಸುವಾಗ ಮೊಬೈಲು ಬಾಲ್ಕನಿಯಲ್ಲಿ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಒದ್ದೆ ಕೈಯಲ್ಲೇ ಎತ್ತಿದೆ.

"ಹಲೋ, ನಾವು ಈಶ್ವರಮಂಗಲದಿಂದ," ಗಂಡಸಿನ ಧ್ವನಿ, ಏದುಸಿರು. "ಅಮ್ಮನಿಗೆ ಹಾವು... ಮಂಡೆಕೋಲಿನಲ್ಲಿ ಬೇರು ಸಿಗ್ತದೆ ಅಂತ ಒಂದ್ರಲ್ಲಿ ಉಂಟು. ಅದರ ಕೆಳಗಿನದ್ರಲ್ಲಿ ಬೇಡ ಅಂತ ಉಂಟು. ಈ ಬೇಡ ಅಂತ ಬರ್ದದ್ದು ಯಾರು?"

"ನಾನೇ," ಎಂದೆ. "ಗಾಡಿ ಪುತ್ತೂರಿನ ಕಡೆಗೆ ತಿರುಗಿಸಿ."