ತಗಡಿನ ನಾಲ್ಕು ತಾಲೂಕು

ವಾಪಿಗೆ ಬಂದ ಮೊದಲ ವಾರವೇ ನಮ್ಮ ಓಣಿಯಲ್ಲಿ ಒಂದು ಹೆಣ ಹೋಯಿತು. ಹಾಲು ಕಾಯಿಸುತ್ತಿದ್ದ ನಾನು ಸದ್ದು ಕೇಳಿ ಬಾಗಿಲಿಗೆ ಬಂದೆ. ಬಿಳಿ ಬಟ್ಟೆಯ ಗಂಡಸರು 'ರಾಮ ಬೋಲೋ ಭಾಯಿ ರಾಮ' ಎನ್ನುತ್ತ, ಬಿದಿರಿನ ಮೇಲೆ ಮಲಗಿಸಿ ಕಟ್ಟಿದ ದೇಹವನ್ನು ಹೊತ್ತು ಬಿರುಸಾಗಿ ನಡೆದು ಹೋದರು. ಡೊಳ್ಳಿಲ್ಲ, ಭಜನೆಯಿಲ್ಲ. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಹೂವಿನ ವಿಮಾನದಲ್ಲಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಊರೆಲ್ಲ ಮುಖ ನೋಡುವಂತೆ ಒಯ್ದು, ಕೂತ ಹಾಗೆಯೇ ಮಣ್ಣಿಗಿಡುತ್ತಾರೆ. ನಮ್ಮ ಮನೆಯವರು ಬ್ರಶ್ಶು ಬಾಯಲ್ಲಿಟ್ಟುಕೊಂಡೇ ನನ್ನ ಹಿಂದೆ ಬಂದು ನಿಂತಿದ್ದರು.

"ಮಲಗಿಸ್ಕೊಂಡು ಹೊಂಟಾರಲ್ಲಲೇ ಶಾಂತಾ. ಇಲ್ಲಿ ಸುಡ್ತಾರೇನು?"

"ಸುಡ್ತಾರಂತ್ರಿ. ಬಾಜೂ ಮನಿಯಾಕಿ ಹೇಳಿದ್ಲು, ನದಿ ದಂಡಿಮ್ಯಾಲೆ."

"ನನ್ನ ಮಾತ್ರ ಸುಡಬ್ಯಾಡ. ಕುಂದರ್ಸು."

"ಮುಂಜಾನೆದ್ದು ಎಂಥಾ ಮಾತ್ರೀ ಇದು! ಮೊದಲ ಬಾಯಿ ತೊಳಕೊಳ್ರಿ," ಎಂದು ನಾನು ಒಳಗೆ ಬಂದೆ. ಹಾಲು ಉಕ್ಕಿ ಒಲೆ ಆರಿತ್ತು.

ನಮ್ಮವರು ಕಾಗದದ ಯಂತ್ರಗಳ ಫಿಟ್ಟರ್. ಹಳಿಯಾಳದಲ್ಲಿ ಹುಟ್ಟಿ, ದಾಂಡೇಲಿಯಲ್ಲಿ ದುಡಿದವರು. ಅಲ್ಲಿಯ ಕೆಲಸ ಮುಗಿದ ಮೇಲೆ, ಗುಜರಾತಿನ ವಾಪಿಯಲ್ಲಿ ಕಾಗದದ ಗಿರಣಿಗಳ ಸಾಲೇ ಇದೆ, ಕೈ ಪಳಗಿದವರನ್ನು ಕರೆದು ಕೂಡಿಸಿಕೊಳ್ಳುತ್ತಾರೆ ಎಂದು ಗೆಳೆಯರೊಬ್ಬರು ಹೇಳಿದರು. ಮಕ್ಕಳಿಲ್ಲದ ಮನೆ ನಮ್ಮದು. ಎರಡು ಟ್ರಂಕು, ಒಂದು ರೊಟ್ಟಿ ಹಂಚು, ದೇವರ ಪೆಟ್ಟಿಗೆ ಹೊತ್ತು ರೈಲು ಹತ್ತಿದೆವು.

ಇಲ್ಲಿ ನಮಗೆ ಸಿಕ್ಕಿದ್ದು ಚಾಲಿಯಲ್ಲಿ ಒಂದು ಕೋಣೆ. ಚಾಲಿ ಎಂದರೆ ಒಂದೇ ತಗಡಿನ ಸೂರಿನಡಿ ಉದ್ದಕ್ಕೆ ಕಟ್ಟಿದ ಸಾಲುಮನೆ. ನಲ್ಲಿ ಎಲ್ಲರಿಗೂ ಸೇರಿ ಒಂದು. ದಾಂಡೇಲಿಯಲ್ಲಿ ಹಂಚಿನ ಮೇಲೆ ಮಂಗ ಕುಣಿಯುತ್ತಿತ್ತು. ಇಲ್ಲಿ ಬೆಳಗಾದರೆ ಒಣಹಾಕಿದ ಸೀರೆಯ ಮೇಲೆ ಮಸಿ. ಅಲ್ಲಿ ಗಿರಣಿಗೆ ಬಿದಿರು, ನೀಲಗಿರಿಯ ಲಾರಿ ಬರುತ್ತಿತ್ತು, ಇಲ್ಲಿ ರದ್ದಿಯ ಲಾರಿ. "ಅಲ್ಲಿ ಅಡವಿ ಅರೀತಿದ್ವಿ, ಇಲ್ಲಿ ಮಂದಿ ಓದಿ ಒಗದದ್ದನ್ನ ಅರೀತೇವಿ," ಎನ್ನುತ್ತಿದ್ದರು ಅವರು. ಅಂಗಿಗೆ ಹತ್ತಿ ಬರುವ ವಾಸನೆಯೂ ಬೇರೆ. ಅಲ್ಲಿಯದು ಬೇಯಿಸಿದ ಹುಲ್ಲಿನದು, ಇಲ್ಲಿಯದು ನೆನೆದ ಗೋಡೆಯದು. ಒಗೆಯುವವಳಿಗೆ ಮಾತ್ರ ಗೊತ್ತಾಗುವ ವ್ಯತ್ಯಾಸ.

ಭಾಷೆ ಅಡುಗೆಮನೆಯಿಂದಲೇ ಬಂತು. ಇಲ್ಲಿಯವರು ಉಪ್ಪಿಗೆ ಮೀಠು ಎನ್ನುತ್ತಾರೆ. ಹೆಂಗಸರನ್ನೆಲ್ಲ ಬೆನ್ ಎಂದು ಕರೆಯುತ್ತಾರೆ, ನಮ್ಮ ಕಡೆ ಅಕ್ಕಾರ ಎಂದ ಹಾಗೆ. ಬೇಳೆಗೆ ಬೆಲ್ಲ ಹಾಕುತ್ತಾರೆ; ಮೊದಲ ತುತ್ತಿಗೆ ನಮ್ಮವರು ತಟ್ಟೆ ಸರಿಸಿ, "ಇದು ಸಾರೋ, ಹೋಳಿಗಿ ಹೂರಣವೋ?" ಎಂದಿದ್ದರು. ಜೋಳದ ಹಿಟ್ಟು ಸಿಗುತ್ತದೆ, ಆದರೆ ಜಿಗಿ ಇಲ್ಲ; ರೊಟ್ಟಿ ಅಂಗೈಯಲ್ಲೇ ಬಿರಿಯುತ್ತದೆ. ಬಿಸಿನೀರು ಹೆಚ್ಚು ಹಾಕಿ ನಾದಿ ನಾದಿ, ಒಂದು ದಿನ ಬಿರಿಯದ ರೊಟ್ಟಿ ಬಂತು. ಬಾಜೂ ಮನೆಯ ಇಬ್ಬರು ಹೆಂಗಸರನ್ನು ಕರೆದು ತೋರಿಸಿದ್ದೆ, ಕೂಸು ತೋರಿಸಿದ ಹಾಗೆ.

ಎರಡನೆಯ ವರ್ಷ ಅವರಿಗೆ ನುಂಗುವುದು ಕಷ್ಟವಾಯಿತು. ಮೊದಲು ರೊಟ್ಟಿ ಹೋಯಿತು, ಆಮೇಲೆ ಅನ್ನ. ದೊಡ್ಡ ಆಸ್ಪತ್ರೆಯಲ್ಲಿ ನಳಿಗೆ ಇಳಿಸಿ ನೋಡಿ ಅನ್ನನಾಳದಲ್ಲಿ ಗಂಟಿದೆ ಎಂದರು. ಆ ಗಂಟಿನ ಹೆಸರನ್ನು ನಾವಿಬ್ಬರೂ ಮನೆಯಲ್ಲಿ ಆಡಲಿಲ್ಲ. ಹಾಲಲ್ಲಿ ನೆನೆಸಿದ ಬಿಸ್ಕೀಟು ಮಾತ್ರ ಇಳಿಯುತ್ತಿತ್ತು.

ಜೋಯಿಡಾ ತಾಲೂಕಿನ ರಾಮನಗರದಲ್ಲಿರುವ ಅವರ ಅಕ್ಕ ಫೋನಿನಲ್ಲಿ ದಿನಾ ಅಳುತ್ತಿದ್ದರು. "ಬಂದುಬಿಡ್ರಿ ಇಲ್ಲಿಗೆ. ನನ್ನ ಮನಿ ಇಲ್ಲೇನು?"

"ಬರ್ತೇನಿ ಅಕ್ಕಾ. ಈ ಔಷಧ ಒಂದು ಮುಗೀಲಿ," ಎನ್ನುತ್ತಿದ್ದರು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, "ಅಪ್ಪನ ಬಾಜೂಕ ಜಾಗ ಐತಿ," ಎನ್ನುವರು. ಹಳಿಯಾಳದ ಹೊರಗೆ, ದೊಡ್ಡಪ್ಪನ ಹೊಲದ ಬದುವಿನಲ್ಲಿ ಅವರಪ್ಪನನ್ನು ಕೂರಿಸಿದ್ದಾರೆ. ಅವರ ಮನಸ್ಸಿನಲ್ಲಿ ಇದ್ದದ್ದು ಅದೊಂದೇ. ಇಲ್ಲಿ ಸತ್ತರೆ ಮಲಗಿಸಿ ಸುಟ್ಟಾರು. ಅದರೊಳಗೆ ಊರು ಮುಟ್ಟಬೇಕು.

ನವೆಂಬರಿನಲ್ಲಿ ಇಲ್ಲಿಯ ಕನ್ನಡದವರು ರಾಜ್ಯೋತ್ಸವ ಮಾಡಿದರು. ಹೆಂಗಸರು ಆನ್‌ಲೈನಿನಲ್ಲಿ ಕರ್ನಾಟಕದ ಆಕಾರದ ಪ್ಲಾಸ್ಟಿಕ್ ಅಚ್ಚು ತರಿಸಿ, ಕಣಕ ಕತ್ತರಿಸಿ ಬಿಸ್ಕೀಟು ಮಾಡಿದ್ದರು. ನಮಗೂ ಒಂದು ಪೊಟ್ಟಣ ಬಂತು. ನಮ್ಮವರು ಒಂದನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಬೆರಳಾಡಿಸಿದರು.

"ಇಲ್ನೋಡು. ಕಾರವಾರ ಆದಮ್ಯಾಲೆ ಸೀದಾ ಬೆಳಗಾವಿಗೆ ಹೋಗ್ಯಾನ. ನಡುವಿನ ಮೂಲೀನ ಸವರಿ ಬಿಟ್ಟಾನ ಮಗಾ. ಜೋಯಿಡಾ ಎಲ್ಲಿ? ದಾಂಡೇಲಿ ಎಲ್ಲಿ?"

"ಬಿಸ್ಕೀಟ್ನಾಗ ಅಷ್ಟು ಯಾಕ ನೋಡ್ತೀರಿ, ತಿನ್ರಿ."

"ಏನ್ ತಿನ್ನೂದು? ನಾನ ಇಲ್ಲ ಅದರಾಗ."

ಮರುದಿನ ಎಣ್ಣೆಯ ಖಾಲಿ ತಗಡಿನ ಡಬ್ಬಿ ಕೇಳಿದರು. ಹಾಸಿಗೆಯ ಮೇಲೆ ದಿಂಬಿಗೊರಗಿ, ಮೊಬೈಲಿನಲ್ಲಿ ನಕಾಶೆ ದೊಡ್ಡದು ಮಾಡಿಕೊಂಡು, ಕಾಗದದ ಮೇಲೆ ನಾಲ್ಕು ತಾಲೂಕಿನ ಗೆರೆ ತೆಗೆದರು. ಹುಟ್ಟಿದ ಹಳಿಯಾಳ, ದುಡಿದ ದಾಂಡೇಲಿ, ಅಕ್ಕನ ರಾಮನಗರ ಇರುವ ಜೋಯಿಡಾ, ನನ್ನ ತವರು ಸನವಳ್ಳಿ ಇರುವ ಮುಂಡಗೋಡ. ಕಾಗದವನ್ನು ತಗಡಿಗೆ ಅಂಟಿಸಿ, ಗೆರೆಯ ಗುಂಟ ತಗಡಿನ ಪಟ್ಟಿ ಬಗ್ಗಿಸಿ ನಿಲ್ಲಿಸಿ ಬೆಸುಗೆ ಹಾಕಿದರು. ಒಂದು ತಿರುವು ಬಗ್ಗಿಸಿ ಅರ್ಧ ತಾಸು ಕಣ್ಣು ಮುಚ್ಚಿ ಮಲಗುವರು. ನಾಲ್ಕು ಅಚ್ಚು ಮುಗಿಯುವ ಹೊತ್ತಿಗೆ ಚಳಿ ಬಂದಿತ್ತು.

ಇಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲಿ ಹಿಟ್ಟು ನಾದಿಕೊಂಡು ಬೇಕರಿಗೆ ಒಯ್ದರೆ, ಅವರು ತಮ್ಮ ಭಟ್ಟಿಯಲ್ಲಿ ಬೇಯಿಸಿ ಕೊಡುತ್ತಾರೆ. ನಾನ್‌ಖಟಾಯಿ ಬಿಸ್ಕೀಟಿನ ಡಬ್ಬಿ ಹಿಡಿದ ಹೆಂಗಸರ ಸಾಲು ಸದಾ ಇರುತ್ತದೆ. ನಮ್ಮ ಚಾಲಿಯ ಹಿಂದಿನ ಬೇಕರಿ ಮಹೇಶಗಿರಿ ಭಾಯಿಯದು. ಐವತ್ತರ ಆಸುಪಾಸು, ಎತ್ತರದ ಆಳು, ಹಿಟ್ಟು ಹತ್ತಿದ ಕೈ, ಹಣೆಗೆ ಮೂರು ಬೆರಳಿನ ಭಸ್ಮ. ಅವರದು ಅರ್ಧ ಗುಜರಾತಿ, ಅರ್ಧ ಹಿಂದಿ; ಅದನ್ನು ನಾನು ನನ್ನ ಮಾತಿನಲ್ಲೇ ಬರೆಯುತ್ತೇನೆ.

"ಏನ್ ಬೆನ್ ಇವು, ಹರಿದ ಎಲಿ ಇದ್ದಂಗ ಅದಾವು?" ಎಂದರು ನನ್ನ ತಟ್ಟೆ ನೋಡಿ.

"ನಮ್ಮೂರು, ಭಾಯಿ."

ಮೊದಲ ದಿನ ಎಲ್ಲ ಕೆಟ್ಟಿತು. ನಾನು ನಾನ್‌ಖಟಾಯಿಯ ಹಾಗೆ ತುಪ್ಪ ಸುರಿದಿದ್ದೆ. ಕಾವಿಗೆ ಗಡಿಗಳೆಲ್ಲ ಕರಗಿ ನಾಲ್ಕೂ ತಾಲೂಕು ದೋಸೆಯಾದವು. ಎರಡನೆಯ ಸಲ ತುಪ್ಪ ಇಳಿಸಿದೆ. ಈಗ ಅಂಚು ನಿಂತಿತು, ಆದರೆ ಸಣ್ಣ ದಾಂಡೇಲಿ ಕರಕಲಾಯಿತು, ದೊಡ್ಡ ಜೋಯಿಡಾದ ನಡು ಹಸಿ ಉಳಿಯಿತು. ಸಣ್ಣವನ್ನು ಬಾಗಿಲ ಬಳಿ, ದೊಡ್ಡವನ್ನು ಒಳಗೆ ಇಡಬೇಕೆಂದು ಮಹೇಶಗಿರಿ ಭಾಯಿ ಕಲಿಸಿದರು. ಮೂರನೆಯ ಸಲ ಹೊಂಬಣ್ಣದ ತುಂಡುಗಳು ಬಂದವು. ಸೆರಗಿನಲ್ಲಿ ಮುಚ್ಚಿಕೊಂಡು ಓಡಿ ಬಂದು ನಮ್ಮವರ ಹಾಸಿಗೆಯ ಮೇಲೆ ತಟ್ಟೆಯಿಟ್ಟೆ.

ಅವರು ಜೋಡಿಸಲು ಹೋದರು. ಹೊಂದಲಿಲ್ಲ. ಹಳಿಯಾಳವನ್ನು ಆ ಕಡೆ ಈ ಕಡೆ ತಿರುಗಿಸಿದರು.

"ಏನ್ರೀ, ಜೋಯಿಡಾ ಧಾರವಾಡದ ಕಡೆ ಹೋಗೇತಲ್ಲ?" ಎಂದೆ.

ಅವರು ಒಂದು ಗಳಿಗೆ ಅಚ್ಚನ್ನೇ ನೋಡಿದರು. ಗೆರೆ ತೆಗೆದ ಮೈಮೇಲೆಯೇ ಪಟ್ಟಿ ನಿಲ್ಲಿಸಿದ್ದರು. ಅಚ್ಚನ್ನು ಬೋರಲು ಹಾಕಿ ಕಣಕಕ್ಕೆ ಒತ್ತಿದಾಗ ಎಡ ಬಲವಾಗಿತ್ತು. ಜೀವಮಾನವೆಲ್ಲ ಅಳತೆ ಹಿಡಿದು ತಗಡು ಕತ್ತರಿಸಿದವರು! ಆ ಗಂಟಲಿನಲ್ಲಿ ಬಂದ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಕಣ್ಣಲ್ಲಿ ನೀರು ಬಂತು.

"ಫಿಟ್ಟರ್ ಅಂತ ಹೇಳಬ್ಯಾಡಲೇ ಯಾರ ಮುಂದೂ. ಗೋವಾನ ಒಯ್ದು ಹುಬ್ಬಳ್ಳಿಗೆ ಹಚ್ಚೇನಿ!"

"ಮತ್ತ ಮಾಡ್ತೀರೇನು?"

"ಇನ್ನೆಲ್ಲಿ ಮಾಡ್ಲಿ?" ಎಂದರು. ಆಮೇಲೆ ಒಂದು ಬಿಸ್ಕೀಟನ್ನು ಮಗುಚಿ ಹಾಕಿದರು. ತಳ ಮೇಲಾಯಿತು, ಕಂದು ಬಣ್ಣ, ತಟ್ಟೆಯ ಗೀರು. ಒಂದೊಂದನ್ನೇ ಮಗುಚಿದರು. ಹಳಿಯಾಳಕ್ಕೆ ದಾಂಡೇಲಿ ಕೂಡಿತು, ಅದಕ್ಕೆ ಜೋಯಿಡಾ ಹತ್ತಿಕೊಂಡಿತು. ಮುಂಡಗೋಡ ಮಾತ್ರ ದೂರ ಉಳಿಯಿತು.

"ನಡುವ ಯಲ್ಲಾಪುರ ಬೇಕು. ಅದು ನನ್ನ ಕೈಲೆ ಆಗೂದಿಲ್ಲ. ನಿನ್ನ ತವರಿಗೆ ನೀನು ಬಸ್ಸಿಗೆ ಹೋಗು," ಎಂದರು. ದಾಂಡೇಲಿಯ ಒಂದು ಚೂರು ಮುರಿದು ಹಾಲಿಗೆ ಹಾಕಿಕೊಂಡರು.

ಅಲ್ಲಿಂದ ಪ್ರತಿ ವಾರ ಒಂದು ತಟ್ಟೆ. ಒಂದು ದಿನ ಮಹೇಶಗಿರಿ ಭಾಯಿ ನನ್ನ ಹಣೆ ನೋಡಿ ಕೇಳಿದರು, "ನೀವೂ ಭಸ್ಮ ಹಚ್ತೀರಿ. ಸತ್ತವರನ್ನ ಏನ್ ಮಾಡ್ತೀರಿ?" ಕೂರಿಸುತ್ತೇವೆ ಎಂದೆ. ಅವರು ತಟ್ಟೆ ಕೆಳಗಿಟ್ಟರು. ಅವರದು ಗೋಸ್ವಾಮಿ ಪಂಗಡವಂತೆ, ಇಲ್ಲಿಯ ಹಿಂದೂಗಳಲ್ಲಿ ಸುಡದೆ ಸಮಾಧಿ ಮಾಡುವವರು. ಅವರೂ ಕೂರಿಸುತ್ತಾರೆ. ದಮನಗಂಗಾ ನದಿಯ ಆಚೆ ಅವರಿಗೊಂದು ಜಾಗವಿದೆ.

ಮನೆಗೆ ಬಂದು ಹೇಳಿದೆ. ನಮ್ಮವರು ಗೋಡೆಯ ಕಡೆ ನೋಡುತ್ತ ಮಲಗಿದ್ದರು. "ಅವರ ಜಾಗ ಅವರಿಗೆ. ನಮ್ಮನ್ಯಾಕ ಕೂಡಿಸ್ಕೋತಾರ? ಊರಿಗೆ ಹೋಗೂಣು."

ಹೋಗುವುದೆಂದು ಗಟ್ಟಿಯಾಯಿತು. ಗುರುವಾರದ ರೈಲಿಗೆ ಟಿಕೀಟಾಯಿತು. ಟ್ರಂಕು ತುಂಬಿದೆ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಮಂಗಳವಾರ ಬೆಳಿಗ್ಗೆ ಹಾಲಲ್ಲಿ ಬಿಸ್ಕೀಟು ನೆನೆಸಿ ಒಯ್ದೆ. ಚಮಚ ತುಟಿಗಿಟ್ಟೆ. ಹಾಲು ಬದಿಯಿಂದ ಇಳಿದು ದಿಂಬಿಗೆ ಹೋಯಿತು.

ಚಾಲಿಯವರು ಒಳ್ಳೆಯವರು. ಯಾರೋ ಆಗಲೇ ಆಂಬುಲೆನ್ಸಿಗೆ ಫೋನು ಮಾಡಿದ್ದರು. ಬಂದ ಗಾಡಿಯೊಳಗೆ ಹೆಣವಿಡುವ ತಂಪಿನ ಪೆಟ್ಟಿಗೆಯಿತ್ತು, ಗಾಜಿನ ಮುಚ್ಚಳದ್ದು. ಕರ್ನಾಟಕಕ್ಕೆ ಬರುತ್ತೇನೆ ಎಂದ ಚಾಲಕ. ಮಳೆ, ಘಟ್ಟದ ದಾರಿ, ಮರುದಿನ ಯಾವ ಹೊತ್ತಿಗೆ ಮುಟ್ಟುವುದೋ ಹೇಳಲಾಗದು ಎಂದ. ನಾನು ಆ ಪೆಟ್ಟಿಗೆ ನೋಡಿದೆ. ಉದ್ದಕ್ಕೆ ಇತ್ತು. ಮಲಗುವವರಿಗೆ ಮಾಡಿದ್ದು.

ದೇಹ ಬಿಗಿಯುವ ಮೊದಲೇ ಕಾಲು ಮಡಚಿ ಕೂರಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಕ್ಕ ಫೋನಿನಲ್ಲಿ ಚೀರುತ್ತಿದ್ದರು. "ಹೆಂಗರ ಮಾಡಿ ತಗೊಂಡು ಬಾ ಶಾಂತಾ. ಅಪ್ಪನ ಬಾಜೂಕ ಕುಂದರಸ್ತೇವಿ."

"ಮಲಗಿಸ್ಕೊಂಡು ಬಂದ್ರ ಅಲ್ಲಿ ಕುಂದರೂದಿಲ್ರಿ ಅಕ್ಕಾ. ಕುಂದರಸಿದ್ರ ಅಲ್ಲಿಗೆ ಬರೂದಿಲ್ಲ."

ಅತ್ತ ಕಡೆ ಅಳು ನಿಂತಿತು. "ಅವ ಏನಂದಿದ್ದ ಮೊದಲ?" ಎಂದರು.

ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿದ್ದ ಮುಖ ಕಣ್ಣಿಗೆ ಬಂತು. "ಕುಂದರ್ಸು ಅಂದಿದ್ರು," ಎಂದೆ. ಆಂಬುಲೆನ್ಸು ವಾಪಸು ಹೋಯಿತು.

ಮಹೇಶಗಿರಿ ಭಾಯಿ ಭಟ್ಟಿ ಹಾಗೆಯೇ ಬಿಟ್ಟು ಬಂದರು. ಅವರು ಭುಜ ಹಿಡಿದರು, ನಾನು ಕಾಲು ಮಡಚಿದೆ, ಗೋಡೆಗೊರಗಿಸಿ ಸೀರೆಯಿಂದ ಕಟ್ಟಿದೆವು. ಆಮೇಲೆ ಅವರು ತಮ್ಮ ಸಮಾಜದ ಹಿರಿಯರ ಹತ್ತಿರ ಹೋಗಿ ಬಂದರು. ಹೊರಗಿನವರಿಗೆ ಜಾಗ ಕೊಟ್ಟ ರೂಢಿಯಿಲ್ಲ ಎಂದಿದ್ದರಂತೆ ಮೊದಲು, ಆಮೇಲೆ ಒಪ್ಪಿದರಂತೆ. "ಏನ್ ಹೇಳಿದ್ರಿ ಭಾಯಿ?" ಎಂದೆ.

"ಕುಂತವರ ಬಾಜೂಕ ಕುಂತವರು ಇರ್ಲಿ ಅಂದೆ. ಎದ್ದು ಜಗಳಾ ಮಾಡೂ ಮಂದಿ ಅಲ್ಲ ಅವರು ಅಂದೆ."

ಇಲ್ಲಿ ನಮ್ಮ ಅಯ್ಯನವರಿಲ್ಲ. ಹಳಿಯಾಳದ ಅಯ್ಯನವರು ಫೋನಿನಲ್ಲೇ ಮಂತ್ರ ಹೇಳಿದರು. ನದಿಯ ಆಚೆ, ತೋಡಿದ ಗುಂಡಿಯ ಪಕ್ಕ, ಕೊಡೆಯ ಕೆಳಗೆ ನಾನು ಫೋನು ಹಿಡಿದು ನಿಂತಿದ್ದೆ. ನಡುನಡುವೆ ದನಿ ಕತ್ತರಿಸುತ್ತಿತ್ತು. ಅವರ ಎಡಗೈಯಲ್ಲಿ ಲಿಂಗವಿಟ್ಟೆ. ಟ್ರಂಕಿನಲ್ಲಿದ್ದ ವಿಭೂತಿ ಗಟ್ಟಿಗಳನ್ನೆಲ್ಲ ಒಡೆದು ಹಾಕಿದೆ. ಗೋಸ್ವಾಮಿಗಳು ತಮ್ಮ ಪದ್ಧತಿಯಂತೆ ಉಪ್ಪಿನ ಚೀಲ ತಂದಿದ್ದರು. "ಮೀಠು ಹಾಕಲೇ ಬೆನ್?" ಎಂದು ಕೇಳಿದರು. ಹಾಕಿ ಎಂದೆ. ಗುಂಡಿಯಲ್ಲಿ ಮಳೆನೀರು ನಿಲ್ಲುತ್ತಿತ್ತು. ಡಬ್ಬಿಯಿಂದ ಎತ್ತಿ ಎತ್ತಿ ಚೆಲ್ಲಿ ಮಣ್ಣು ಮುಚ್ಚಿದರು.

ಇದಾಗಿ ಒಂದು ಮಳೆಗಾಲ ಕಳೆದು ಇನ್ನೊಂದು ಬಂದಿದೆ. ನಾನು ರೊಟ್ಟಿ ಮಾಡಿ ಕನ್ನಡದವರ ಮನೆಗಳಿಗೆ ಕೊಡುತ್ತೇನೆ. ಅಕ್ಕ ಈಗಲೂ ಫೋನು ಮಾಡುತ್ತಾರೆ. "ಅಲ್ಲಿ ಯಾರದಾರ ನಿನಗ? ಬಂದುಬಿಡು." ಒಮ್ಮೆ ಹೋಗಿದ್ದೆ. ರಾಮನಗರದಲ್ಲಿ ನಾಲ್ಕು ದಿನ, ಸನವಳ್ಳಿಯಲ್ಲಿ ನಾಲ್ಕು ದಿನ. ಸಾರಿಗೆ ಬೆಲ್ಲ ಹಾಕಿದೆನೆಂದು ತಮ್ಮನ ಹೆಂಡತಿ ನಕ್ಕಳು. ಹಳಿಯಾಳದ ಬದುವಿನಲ್ಲಿ ಮಾವನವರ ಪಕ್ಕದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಅಲ್ಲಿ ನಿಂತರೆ, ವಾಪಿಯಲ್ಲಿ ದೀಪ ಹಚ್ಚುವವರಾರು ಎಂಬುದೇ ತಲೆಯಲ್ಲಿ. ಇಲ್ಲಿ ಬಂದು ದೀಪ ಹಚ್ಚಿದರೆ, ಆ ಹುಲ್ಲು ಕಿತ್ತು ಬರಬೇಕಿತ್ತು ಎನಿಸುತ್ತದೆ. ನನ್ನನ್ನು ಎಲ್ಲಿ ಕೂರಿಸಬೇಕು ಎಂದು ಅಕ್ಕ ಬಾಯಿಬಿಟ್ಟು ಕೇಳಿಲ್ಲ. ಮಹೇಶಗಿರಿ ಭಾಯಿಯೂ ಕೇಳಿಲ್ಲ.

ಅಮಾವಾಸ್ಯೆಗೊಮ್ಮೆ ಒಂದು ತಟ್ಟೆ ಬೇಯಿಸಿಕೊಂಡು ನದಿಯ ಆಚೆ ಹೋಗುತ್ತೇನೆ. ಅಚ್ಚಿನ ಅಂಚಿಗೆ ತುಕ್ಕು ಹತ್ತುತ್ತಿದೆ, ಎಣ್ಣೆ ಸವರಿ ಇಡುತ್ತೇನೆ. ಸಮಾಧಿಯ ಮೇಲೆ ಎಲೆ ಹಾಸಿ, ಹಳಿಯಾಳ, ದಾಂಡೇಲಿ, ಜೋಯಿಡಾ ಕೂಡಿಸುತ್ತೇನೆ. ಮುಂಡಗೋಡಕ್ಕೆ ನಡುವೆ ಜಾಗ ಬಿಡುತ್ತೇನೆ. ಮನೆಯಲ್ಲಿ ಮಾಡುತ್ತಿದ್ದ ಹಾಗೆ ಮಗುಚುವುದಿಲ್ಲ, ಅಚ್ಚಿನಿಂದ ಬಂದ ಹಾಗೆಯೇ ಇಡುತ್ತೇನೆ. ನಿಂತು ನೋಡುವ ನನಗೆ ಜೋಯಿಡಾ ಮೂಡಲಿಗೆ ಹೋಗಿದೆ, ನನ್ನ ತವರು ಪಡುವಣಕ್ಕೆ. ಊರು ಗುರುತು ಸಿಗುವುದಿಲ್ಲ. ಕೆಳಗೆ ಕೂತು, ಅಡಿಯಿಂದ ನೋಡುವವರಿಗೆ ಎಲ್ಲವೂ ಇದ್ದಲ್ಲೇ ಇದೆ.