ಬೆಳಕಿಗೆ ನಿಲ್ಲೆಂದು ಹೇಳಲಾಗದು

ನಾನು ಬನಹಟ್ಟಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಒಂದು ಬೆಳಿಗ್ಗೆ ತೇರದಾಳದ ದಾರಿಯಲ್ಲಿ ಪೈಪಿಗಾಗಿ ನೆಲ ಅಗೆಯುತ್ತಿದ್ದ ಜೆಸಿಬಿ ನಮ್ಮ ಫೈಬರ್ ಕೇಬಲ್ಲನ್ನು ಕಡಿದುಹಾಕಿತು. ಪರವೂರಿಗೆ ಒಂದು ಫೋನೂ ಹೋಗದಾಯಿತು. ಕೇಬಲ್ಲಿನ ಎಳೆ ಜೋಡಿಸುವ ಯಂತ್ರ ಹೊತ್ತು ಬಾಗಲಕೋಟೆಯಿಂದ ಜೀಪಿನಲ್ಲಿ ಎಂಜಿನಿಯರ್ ಬಂದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು.

ನಾನು ಮರೆತ ಬುತ್ತಿಯನ್ನು ಅಪ್ಪ ಅಲ್ಲಿಗೇ ಸೈಕಲ್ ಮೇಲೆ ತಂದ. ಜೀವಮಾನವಿಡೀ ಕೈಮಗ್ಗದಲ್ಲಿ ಸೀರೆ ನೇಯ್ದವನು, ಎಳೆ ಕಂಡ ಮೇಲೆ ಹೋಗುವುದುಂಟೇ? ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳು. ಗಾಳಿಗೆ ಧೂಳು ಕೂತು ಎರಡು ಸಲ ಜೋಡಣೆ ಕೆಟ್ಟಿತು. ಅಪ್ಪ ತಲೆಯ ರುಮಾಲು ಬಿಚ್ಚಿ, ಒಂದು ತುದಿಯನ್ನು ಜೀಪಿಗೆ ಕಟ್ಟಿ, ಇನ್ನೊಂದನ್ನು ಹಿಡಿದು ನಿಂತ.

"ಈಗ ಹಚ್ಚರಿ ಯವ್ವಾ. ಗಾಳಿ ನಾ ನೋಡ್ಕೋತೇನಿ."

ಯಂತ್ರದ ಪುಟ್ಟ ಪರದೆಯ ಮೇಲೆ ಎರಡು ತುದಿಗಳು ಕರಗಿ ಒಂದಾದವು.

"ಗಂಟ ಎಲ್ಲೈತಿ?" ಅಪ್ಪ ಕೇಳಿದ.

"ಗಂಟಿಲ್ಲ ಕಾಕಾರ. ಕೂಡಿ ಒಂದ ಆತು."

ಅವನು ಬಹಳ ಹೊತ್ತು ಬಗ್ಗಿ ನೋಡಿದ.

ಫೋನುಗಳು ಶುರುವಾದ ಮೇಲೆ ಎಕ್ಸ್‌ಚೇಂಜಿಗೂ ಬಂದ. ಎಳೆಯಲ್ಲಿ ಬಂದ ಬೆಳಕು ಇಲ್ಲಿ ಕರೆಂಟಾಗುತ್ತದೆ, ಯಾವ ಮಾತು ಯಾವ ಊರಿಗೆಂದು ಸ್ವಿಚ್ಚು ತಿರುಗಿಸಿದ ಮೇಲೆ ಮತ್ತೆ ಬೆಳಕಾಗಿ ಹೊರಡುತ್ತದೆ ಎಂದು ತಿಳಿಸಿ ಹೇಳಿದೆ.

"ಬೆಳಕಾಗೇ ಹೋಗೂದಿದ್ರ, ನಡುವ ಯಾಕ ವೇಷ ಬದಲಿ ಮಾಡ್ತೈತಿ?"

ಅಷ್ಟು ವರ್ಷ ಅಲ್ಲೇ ದುಡಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಹೊರಟಿದ್ದ ಎಂಜಿನಿಯರ್ ಚೀಲ ಕೆಳಗಿಟ್ಟು ಕೂತರು.

"ಖರೆ ಕೇಳಿದ್ರಿ ಕಾಕಾರ. ಕರೆಂಟಾದ್ರ ಹಿಡದಿಟ್ಟು, ಎಲ್ಲಿಗೆ ಹೋಗೂದೈತಿ ಅಂತ ಓದಬಹುದು. ಬೆಳಕಿಗೆ ನಿಂದ್ರು ಅನ್ನಾಕ ಬರೂದಿಲ್ಲ. ಆದ್ರ ಈಗ ಸಾಸಿವಿಕಾಳಿಗಿಂತ ಸಣ್ಣ ಕನ್ನಡಿ ಮಾಡ್ಯಾರ. ಕನ್ನಡಿ ಹೊಳ್ಳಿ ಯಾವ ಕಡೆ ತಿರುಗತೈತಿ, ಬೆಳಕೂ ಆ ಕಡೆ ಹೊಳ್ಳತೈತಿ. ಮುಂದ ನಮ್ಮ ಮಾತು ಬೆಳಕಾಗೇ ಬಂದು, ಬೆಳಕಾಗೇ ಹೋಗ್ತೈತಿ."

ಅಪ್ಪ ಗುಡಿಯೊಳಗೆ ನಿಂತವನಂತೆ ಸ್ವಿಚ್ಚಿನ ಕಪಾಟಿನ ಮುಂದೆ ನಿಂತಿದ್ದ.

ಕೆಲವು ವರ್ಷಗಳ ನಂತರ ತರಬೇತಿಗೆ ಹೋದಲ್ಲಿ ಆ ಕನ್ನಡಿಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಉಗುರಿನಷ್ಟು ಬಿಲ್ಲೆಯ ಮೇಲೆ ಸಾಲು ಸಾಲು. ಒಂದು ಕನ್ನಡಿ ತುಸುವೇ ವಾಲಿತು. ಅದರಿಂದ ಗೋಡೆಯ ಮೇಲೆ ಬಿದ್ದಿದ್ದ ಬೆಳಕಿನ ಕೆಂಪು ಚುಕ್ಕೆ ಸದ್ದಿಲ್ಲದೆ ಇನ್ನೊಂದು ಮೂಲೆಗೆ ಹೋಯಿತು. ನಾನು ಹೊರಗೆ ಬಂದು ಮನೆಗೆ ಫೋನು ಹಚ್ಚಿದೆ.

"ಅಪ್ಪಾ, ಬೆಳಕ ಹೊಳ್ಳೂದ ಕಂಡ್ನಿ."

"ಹೆಂಗಿತ್ತು?"

"ಸಪ್ಪಳಿಲ್ದ ಹೊಳ್ಳಿತು ಅಪ್ಪಾ. ನಡುವ ವೇಷ ಬದಲಿ ಮಾಡ್ಲಿಲ್ಲ." ಅಪ್ಪ ಅದನ್ನು ಇನ್ನೊಮ್ಮೆ ಹೇಳಿಸಿ ಕೇಳಿದ.